ಕಾಡು ಸುಟ್ಟವನ ವಂಶ

ಕಳೆದ ದಶಕದ ನಡುವಿನಲ್ಲಿ ನಾವು ಸ್ವೀಡನ್ನಿನ ವೆಸ್ಟೆರಾಸ್‌ ಊರಿನಲ್ಲಿ ಬಾಡಿಗೆಗಿದ್ದದ್ದು ಎಂಬತ್ತು ದಾಟಿದ ಒಬ್ಬ ಸ್ವೀಡಿಷ್ ಹೆಂಗಸಿನ ಮನೆಯ ಮಹಡಿಯಲ್ಲಿ. ಇಲ್ಲಿ ಎಲ್ಲರೂ ಎಲ್ಲರಿಗೂ ‘ನೀನು’. ನನಗೆ ನಾಲಿಗೆ ಹೊರಳದೆ, ಮನಸ್ಸಿನಲ್ಲೇ ಅವರನ್ನು ಅಜ್ಜಿ ಮಾಡಿಕೊಂಡೆ. ಅಜ್ಜಿಗಿದ್ದವನು ಒಬ್ಬನೇ ಮಗ, ಹತ್ತೊಂಬತ್ತಕ್ಕೇ ಹೋಗಿಬಿಟ್ಟಿದ್ದ. ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಅವನ ಸಮಾಧಿಯ ಕಳೆ ಕಿತ್ತು ಬರುತ್ತಿದ್ದರು. ಇಲ್ಲಿ ಸಮಾಧಿಗೊಬ್ಬ ಹಕ್ಕುದಾರ ಬೇಕು. ಹೆಸರು ಕೊಡಲು ಯಾರೂ ಉಳಿಯದಿದ್ದರೆ ಜಾಗ ಸ್ಮಶಾನದ ಕಚೇರಿಗೆ ವಾಪಸ್ಸು, ಕಲ್ಲನ್ನು ಕಿತ್ತುಬಿಡುತ್ತಾರೆ. ತಾನು ಸತ್ತ ಮೇಲೆ ಮಗನ ಕಲ್ಲಿಗೆ ದಿಕ್ಕು ಯಾರು ಎಂಬುದೊಂದೇ ಅಜ್ಜಿಯ ಚಿಂತೆ.

ಆಗ ಅಮೆರಿಕದಿಂದ ಒಂದು ಮೇಲ್ ಬಂತು. ಬರೆದವನು ನಿವೃತ್ತ ಮನುಷ್ಯ. ಸ್ವೀಡನ್ನಿನವರು ಹಿಂದೊಮ್ಮೆ ಅಮೆರಿಕದಲ್ಲಿ ಪುಟ್ಟ ವಸಾಹತು ಕಟ್ಟಿದ್ದರಲ್ಲ, ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಆಗ ಹಡಗು ಹತ್ತಿದವನಂತೆ ಅವನ ಪೂರ್ವಿಕ. ದೊಡ್ಡ ಸೇನಾಧಿಕಾರಿಯಂತೆ. ಆ ಪೂರ್ವಿಕ ತಮ್ಮನಿಗೆ ಬಿಟ್ಟುಹೋದ ಹೊಲಮನೆಯೇ ಅಜ್ಜಿಯ ತವರು. ವಂಶಾವಳಿ ಹುಡುಕುವವರ ಜಾಲತಾಣದಲ್ಲಿ ಅವನಿಗೆ ಅಜ್ಜಿಯ ವಿಳಾಸ ಸಿಕ್ಕಿತ್ತು. ಪೂರ್ವಿಕನ ದಾಖಲೆ ಹುಡುಕಿಕೊಡಿ ಎಂದು ಕೇಳಿದ್ದ. ಅಜ್ಜಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನಾನು ದುಭಾಷಿಯಾದೆ.

“ನೋಡು, ನಂಗೂ ಒಬ್ಬ ನೆಂಟ ಸಿಕ್ಕಿದ,” ಎಂದರು ಅಜ್ಜಿ. ಅಷ್ಟು ತಲೆಮಾರು ಹಿಂದಿನ ನೆಂಟಸ್ತಿಕೆಗೆ ನನಗೆ ನಗು ಬಂದಿತ್ತು. ಬೇರೆ ಯಾರೂ ಇಲ್ಲದವರಿಗೆ ಅಷ್ಟೇ ಸಾಕಿತ್ತು.

ಆ ಚಳಿಗಾಲದ ಶನಿವಾರಗಳೆಲ್ಲ ಹಳೆಯ ನ್ಯಾಯಾಲಯದ ದಾಖಲೆಗಳಿಗೇ ಹೋದವು. ಕಂಪ್ಯೂಟರಿನ ಪರದೆ ತುಂಬ ಇರುವೆ ಹರಿದಂಥ ಅಕ್ಷರ. ಅದನ್ನು ಓದುವುದನ್ನು ಅಜ್ಜಿ ತರಗತಿಗೆ ಹೋಗಿ ಕಲಿತಿದ್ದರು. ಭೂತಗನ್ನಡಿ ಹಿಡಿದು ಅವರು ಓದುವುದು, ನಾನು ಇಂಗ್ಲಿಷಿನಲ್ಲಿ ಬರೆದುಕೊಳ್ಳುವುದು. ಕೊನೆಗೆ ಆ ಮನುಷ್ಯ ಸಿಕ್ಕಿದ. ಅಧಿಕಾರಿಯೂ ಅಲ್ಲ, ಸೇನೆಯೂ ಇಲ್ಲ. ಅರಸನ ಕಾಡಿಗೆ ಬೆಂಕಿಯಿಟ್ಟು, ಬೂದಿಯಲ್ಲಿ ರೈ ಧಾನ್ಯ ಬಿತ್ತಿ ಸಿಕ್ಕಿಬಿದ್ದವನು. ನೇಣು ಬೇಕೋ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತುತ್ತೀಯೋ ಎಂದು ಕೇಳಿದ್ದರು. ಅವನು ಹಡಗು ಹತ್ತಿದ.

“ಪಾಪ, ಹೊಟ್ಟೆಗಿಲ್ದೆ ಮಾಡಿದಾನೆ,” ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಎಲ್ಲವನ್ನೂ ಇದ್ದಂತೆಯೇ ಅಮೆರಿಕದವನಿಗೆ ಬರೆಸಿದರು. ಕೊನೆಯಲ್ಲಿ, ನನ್ನ ನಂತರ ಮಗನ ಸಮಾಧಿಗೆ ನಿನ್ನ ಹೆಸರು ಕೊಡುತ್ತೀಯಾ ಎಂದೂ ಅವನಿಗೆ ಬರೆಸಿದರು.

ಮೂರೇ ದಿನಕ್ಕೆ ನನ್ನ ಮೇಲ್‌ಗೇ ಉತ್ತರ ಬಂತು. ನನ್ನ ಪೂರ್ವಿಕ ಕಳ್ಳನಲ್ಲ, ನಿಮಗೂ ನನಗೂ ಸಂಬಂಧವಿಲ್ಲ, ಇನ್ನು ಬರೆಯಬೇಡಿ. ಓದಿ ಮೈ ಉರಿದುಹೋಯಿತು. ವಂಶ ಬೇಕು, ವಂಶದ ಹಸಿವು ಬೇಡ ಆ ದೊಡ್ಡ ಮನುಷ್ಯನಿಗೆ!

“ಅಜ್ಜಿಗೆ ಇದ್ದದ್ದನ್ನ ಇದ್ದ ಹಾಗೆ ಹೇಳ್ಬಿಡು. ಇಲ್ಲಿಯವ್ರಿಗೆ ಅದೇ ಇಷ್ಟ,” ಎಂದರು ನನ್ನ ಗಂಡ.

ಆದರೆ ನಾನು ಬೆಳೆದದ್ದು ದೀಪ ಆರಿತು ಎನ್ನದೆ ಶಾಂತವಾಯಿತು ಎನ್ನುವ ಮನೆಯಲ್ಲಿ. ವಯಸ್ಸಾದವರ ಮುಖಕ್ಕೆ ‘ಇಲ್ಲ’ ಎಂದು ಎಸೆದು ಗೊತ್ತಿಲ್ಲ. ಮೆಟ್ಟಿಲಿಳಿದು ಹೋದಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಯೋಚನೆ ಮಾಡುತ್ತಾರಂತೆ, ಬಹುಶಃ ಒಪ್ಪಿಕೊಳ್ಳುತ್ತಾರೆ ಎಂದುಬಿಟ್ಟೆ. ಇಲ್ಲಿಯವರು ‘ಬಹುಶಃ’ವನ್ನು ನಂಬುತ್ತಾರೆಂದು ನನಗೆ ಹೊಳೆಯಲಿಲ್ಲ.

ವಸಂತದ ಹೊತ್ತಿಗೆ ಅಜ್ಜಿ ಆಸ್ಪತ್ರೆ ಸೇರಿದರು. ಗಂಜಿ ತೆಗೆದುಕೊಂಡು ಹೋಗಿದ್ದೆ. ಎರಡು ಚಮಚ ಕುಡಿದು, ಸಾಕೆಂದು ನನ್ನ ಕೈ ಹಿಡಿದುಕೊಂಡರು.

“ಹೆಸರು ಕೊಡೋಕೆ ನಿನ್ನನ್ನೇ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ಆ ಅಮೆರಿಕದವನು ಸಿಕ್ಕಿದ. ನಿಂಗ್ಯಾಕೆ ಹೊರೆ ಅಂತ ಬಿಟ್ಟೆ.”

ಆಗಲಾದರೂ ನಿಜ ಹೇಳಬಹುದಿತ್ತು. ಅವರ ಮುಖದಲ್ಲಿ ಎಷ್ಟು ನೆಮ್ಮದಿಯಿತ್ತೆಂದರೆ, ಬಾಯಿ ಬರಲಿಲ್ಲ. ದಿಂಬು ಸರಿಮಾಡಿ ಬಂದೆ. ಅದಾಗಿ ಒಂದು ವಾರಕ್ಕೆ ತೀರಿಕೊಂಡರು, ಬೂದಿಯನ್ನು ಮಗನ ಪಕ್ಕದಲ್ಲೇ ಇಟ್ಟರು.

ಮರುವರ್ಷ ಕಲ್ಲಿನ ಮೇಲೊಂದು ಚೀಟಿ ಅಂಟಿಸಿದ್ದರು, ಸಂಬಂಧಪಟ್ಟವರು ಕಚೇರಿಗೆ ಫೋನ್ ಮಾಡಬೇಕು ಎಂದು. ಮಾಡಿದೆ. ಕಚೇರಿಯವರು ಅಮೆರಿಕಕ್ಕೆ ಬರೆದಿದ್ದರಂತೆ, ಜವಾಬಿಲ್ಲ. ಆ ವಿಳಾಸವನ್ನು ಅಜ್ಜಿಯೇ ಒಂದು ಕಾಗದದಲ್ಲಿ ಬರೆದಿಟ್ಟು ಹೋಗಿದ್ದರಂತೆ. ನನ್ನ ಹೆಸರು ಹಾಕಿಕೊಳ್ಳಿ ಎಂದೆ. ನೀನು ಅವರಿಗೆ ಏನಾಗಬೇಕು ಎಂದು ಕೇಳಿದಳು ಕಚೇರಿಯ ಹುಡುಗಿ. ಬಾಡಿಗೆಗಿದ್ದೆ ಎಂದೆ.

“ನೆಂಟರೇ ಆಗ್ಬೇಕಿರ್ಲಿಲ್ಲ. ಅವರು ಆ ಕಾಗದದಲ್ಲಿ ನಿನ್ನ ಹೆಸರು ಬರೆದಿದ್ದಿದ್ರೆ ಸಾಕಿತ್ತು, ಈಗಾಗಲ್ಲ,” ಎಂದಳು.

ಬರೆಯದ ಹಾಗೆ ಮಾಡಿದವಳು ನಾನೇ ಎಂದು ಅವಳಿಗೆ ಹೇಳಲಾಗಲಿಲ್ಲ. ಆ ಶರತ್ಕಾಲದಲ್ಲಿ ತಾಯಿ ಮಗ ಇಬ್ಬರ ಮೇಲಿನ ಕಲ್ಲನ್ನು ಕಿತ್ತರು.