ಮುದುಕನಿಗೆ ದಿನವೂ ಸ್ನಾನ

ಆಸ್ಪತ್ರೆಯ ತೀರಾ ಕೆಳಗಿನ ಅಂತಸ್ತಿನಲ್ಲಿ, ರೋಗಿಗಳೂ ಡಾಕ್ಟರುಗಳೂ ಇಣುಕಿ ನೋಡದ ಮೂಲೆಯಲ್ಲಿ, ಬಟ್ಟೆ ತೊಳೆಯುವ ಒಂದು ಉದ್ದನೆಯ ಕೋಣೆ. ಹೊರಗೆ ಚಳಿಯಿರಲಿ, ಸೆಕೆಯಿರಲಿ, ಒಳಗೆ ವರ್ಷವಿಡೀ ಒಂದೇ ಬಿಸಿ ಹಬೆ. ಆ ಹಬೆಯ ನಡುವೆ ಬೆವರು ಒರೆಸಿಕೊಳ್ಳುತ್ತ ಓಡಾಡುವ ದಪ್ಪ ಮೈಯ, ಚುರುಕು ಕಾಲಿನ ಹೆಂಗಸನ್ನು ಎಲ್ಲರೂ ನೊರೆಯಕ್ಕ ಅನ್ನುತ್ತಿದ್ದರು. ಅವಳಿಗೊಂದು ನಿಜವಾದ ಹೆಸರೂ ಇರಬೇಕಲ್ಲ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ನೊರೆಯಕ್ಕನದೊಂದು ಪರೀಕ್ಷೆಯಿತ್ತು. ಒಣಗಿ ಬಂದ ಬೆಡ್‌ಶೀಟನ್ನು ಕೆನ್ನೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಳ್ಳುವಳು. ರೋಗದ ವಾಸನೆ, ಔಷಧಿಯ ವಾಸನೆ, ಬೆವರಿನ ವಾಸನೆ, ಏನೂ ಇರಕೂಡದು. ಕಪ್ಪು ಮೇಜಿನ ಮೇಲೆ ಕೊಡವಿದರೆ ಬಿಳಿ ಪುಡಿ ಉದುರಕೂಡದು. ಉದುರಿದರೆ ಸೋಪು ಸರಿಯಾಗಿ ಹೋಗಿಲ್ಲವೆಂದು ಅರ್ಥ. ಒಂಚೂರು ಅನುಮಾನ ಬಂದರೂ ಸಾಕು, “ಇನ್ನೊಂದ್ಸಲ” ಎಂದು ಮೆಷಿನ್ನಿಗೆ ವಾಪಸ್ಸು ತುರುಕುವಳು. ಅವಳ ಕೈಕೆಳಗಿನ ಹೆಂಗಸರು ಹಿಂದಿನಿಂದ ಮೂಗು ಮುರಿಯುತ್ತಿದ್ದರು. “ಈಯಮ್ಮನ್ನ ಬಿಟ್ರೆ ಕೊಳೆ ಮಾತ್ರ ಅಲ್ಲ, ದಾರಾನೂ ತೊಳೆದು ಹಾಕ್ತಾಳೆ” ಎಂದು ನಗುತ್ತಿದ್ದರು. ಅವಳ ಕಿವಿಗೆ ಬಿದ್ದರೂ ಬೇಜಾರಿಲ್ಲ. ಹೊಗಳಿಕೆ ಎಂದೇ ತಿಳಿಯುತ್ತಿದ್ದಳು.

ಮನೆಯಲ್ಲಿ ಮುದುಕನಿದ್ದ. ಮುದುಕನೆಂದರೆ ನಾಯಿ. ಕಪ್ಪು ಮೈ, ಹುಟ್ಟಿದಾಗಿನಿಂದಲೇ ಬೂದು ಬಣ್ಣದ ಮೂತಿ. ನೊರೆಯಕ್ಕನ ಗಂಡ ಟೈರು ರಿಪೇರಿ ಮಾಡುತ್ತಿದ್ದವನು. ಅಂಗಡಿಯ ಮುಂದೆ ಯಾರೋ ಬಿಟ್ಟುಹೋದ ಮರಿಯನ್ನು ಎತ್ತಿಕೊಂಡು ಬಂದು, “ನೋಡೇ, ನಮ್ಮಿಬ್ಬರಿಗಿಂತ ಮೊದಲೇ ಇವನಿಗೆ ವಯಸ್ಸಾಗಿಬಿಟ್ಟಿದೆ” ಎಂದು ಆ ಹೆಸರಿಟ್ಟಿದ್ದ. ಮಕ್ಕಳಿಲ್ಲದ ಮನೆ. ಹಗಲೆಲ್ಲ ಅಂಗಡಿಯಲ್ಲಿ ಅವನ ಕಾಲ ಬಳಿ ಬಿದ್ದುಕೊಂಡಿರುತ್ತಿದ್ದ ಮುದುಕ ಸಂಜೆ ಅವನ ಹಿಂದೆಯೇ ಮನೆಗೆ ಬರುತ್ತಿದ್ದ. ಒಂದು ಮಧ್ಯಾಹ್ನ ಅವನು ಟೈರು ಬಿಚ್ಚುತ್ತಿದ್ದ ಹಾಗೆಯೇ ಎದೆ ಹಿಡಿದುಕೊಂಡು ಕುಸಿದ. ಪಕ್ಕದ ಅಂಗಡಿಯವರನ್ನು ಬೊಗಳಿ ಕರೆದದ್ದು ಮುದುಕನೇ. ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ತಮ್ಮ ಬಂದು ಅಕ್ಕನನ್ನು ತನ್ನ ಮನೆಗೆ ಕರೆದುಕೊಂಡು ಹೋದ. ತಮ್ಮ ಬಸ್ಸಿನ ಕಂಡಕ್ಟರು. ಮನೆಯಲ್ಲೂ “ಬೇಗ ಬೇಗ, ಒಳಗೆ ನಡೀರಿ” ಎನ್ನುವ ಧಾಟಿಯ ಮಾತು, ಹೃದಯ ಮಾತ್ರ ಮೆತ್ತಗೆ. ನಾಯಿಯೂ ಜೊತೆಗೆ ಬರುತ್ತದೆ ಎಂದಾಗ ಅವನ ಹೆಂಡತಿ ಮುಖ ಸಣ್ಣದು ಮಾಡಿಕೊಂಡಳು. ಅವಳನ್ನು ಬೈಯುವುದು ಸುಲಭ. ಆದರೆ ಅವಳ ಎಂಟು ವರ್ಷದ ಮಗಳಿಗೆ ಆಗಾಗ ಉಸಿರು ಕಟ್ಟುತ್ತಿತ್ತು. ಎದೆಯಲ್ಲಿ ಸಿಳ್ಳೆ ಹೊಡೆದಂಥ ಶಬ್ದ ಬರುತ್ತಿತ್ತು. ಅಂಥ ಮಗುವಿನ ತಾಯಿ ಪುಕ್ಕಲಿಯಾಗದೆ ಇನ್ನೇನಾಗುತ್ತಾಳೆ?

“ಅತ್ತಿಗೆ, ಇರಲಿ ಬಿಡಿ, ಅದೂ ಒಂದು ಜೀವ. ಆದ್ರೆ ಮನೆಯೊಳಗೆ ನಾಯಿ ವಾಸನೆ ಬರಬಾರದು. ಇವಳ ಎದೆಗೆ ಏನಾದ್ರೂ ಆದ್ರೆ ನಾನು ಇಟ್ಕೊಳ್ಳಲ್ಲ, ಈಗಲೇ ಹೇಳಿಬಿಡ್ತೀನಿ” ಎಂದಳು.

“ವಾಸನೆ ಬರದ ಹಾಗೆ ನಾನು ನೋಡ್ಕೋತೀನಮ್ಮ. ಅದೇ ತಾನೆ ನನ್ನ ಕೆಲಸ?” ಎಂದಳು ನೊರೆಯಕ್ಕ.

ಅಲ್ಲಿಂದ ಮುದುಕನ ಗ್ರಹಚಾರ ಶುರುವಾಯಿತು. ಅಂಗಳದ ನಲ್ಲಿಯ ಕೆಳಗೆ ಒಂದು ನೀಲಿ ಬಕೆಟ್ಟು ಬಂದು ಕುಳಿತಿತು. ಮೊದಮೊದಲು ವಾರಕ್ಕೊಮ್ಮೆ ಸ್ನಾನ. ತೊಳೆದ ದಿನ ಮುದುಕ ಘಮಘಮ ಎನ್ನುತ್ತಿದ್ದ; ಎರಡು ದಿನ ಕಳೆದರೆ ಮತ್ತೆ ನಾಯಿಯೇ ಆಗಿಬಿಡುತ್ತಿದ್ದ. ತಮ್ಮನ ಹೆಂಡತಿ ಬಾಗಿಲ ಬಳಿ ಮೂಗು ಅರಳಿಸಿದರೆ ಸಾಕು, ನೊರೆಯಕ್ಕ ಬಕೆಟ್ಟಿಗೆ ನೀರು ಬಿಡುತ್ತಿದ್ದಳು. ವಾರಕ್ಕೊಮ್ಮೆ ಇದ್ದದ್ದು ದಿನ ಬಿಟ್ಟು ದಿನವಾಯಿತು, ಆಮೇಲೆ ದಿನವೂ ಆಯಿತು. ಮನೆಯ ಸೋಪು ಸಾಲದೆಂದು ಆಸ್ಪತ್ರೆಯ ಬಟ್ಟೆ ಒಗೆಯುವ ಪುಡಿಯನ್ನೇ ಊಟದ ಡಬ್ಬಿಯಲ್ಲಿ ತಂದಳು. ಅದು ಕಳ್ಳತನವೆಂದು ಅವಳಿಗೂ ಗೊತ್ತಿತ್ತು. ಜನ್ಮದಲ್ಲಿ ಒಂದು ಗುಂಡಿ ಕದ್ದವಳಲ್ಲ. ನಾಯಿಗೋಸ್ಕರ ಅದನ್ನೂ ಮಾಡಿದಳು. ಗಂಡನಿಂದ ಅವಳ ಪಾಲಿಗೆ ಉಳಿದಿದ್ದ ಜೀವವೆಂದರೆ ಅದೊಂದೇ ಆಗಿತ್ತು.

“ಮುದುಕನಿಗೆ ಇವತ್ತೂ ಸ್ನಾನ ಆಯ್ತಾ?” ಎಂದು ಬೇಲಿಯಾಚೆಯ ಮನೆಯಾಕೆ ದಿನವೂ ಕೇಳುವಳು. ಹೊಸದಾಗಿ ಬಂದ ಬಾಡಿಗೆಯವರು ಅದನ್ನು ಕೇಳಿ, ಆ ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪನೊಬ್ಬನಿದ್ದಾನೆ, ಪಾಪ, ಮಗಳು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದು ಹೊಗಳಿದ್ದೂ ಉಂಟು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಬಹಳ ದಿನ ಆ ಮನೆಯಲ್ಲಿ ನಗು ಕೇಳಲಿಲ್ಲ.

ಯಾಕೆಂದರೆ ಮುದುಕನ ಮೈ ಕೆಡತೊಡಗಿತು. ಕೂದಲು ಒರಟಾಯಿತು. ಹೊಟ್ಟೆಯ ಕೆಳಗೆ, ತೊಡೆಯ ಸಂದಿಯಲ್ಲಿ ಕೆಂಪು ಮಚ್ಚೆಗಳು ಬಂದವು. ಅವನು ಕೆರೆದ, ಕಚ್ಚಿಕೊಂಡ, ಗೋಡೆಗೆ ಮೈ ತಿಕ್ಕಿದ. ಹುಣ್ಣಾದ ಜಾಗದಿಂದ ಕಮಟು ವಾಸನೆ ಬರತೊಡಗಿತು. ಹಿಂದಿನ ನಾಯಿ ವಾಸನೆಯಲ್ಲ, ಅದಕ್ಕಿಂತ ಕೆಟ್ಟದ್ದು. ಮೈ ಒದರಿದರೆ ಬಿಳಿ ಪುಡಿ ಗಾಳಿಯಲ್ಲಿ ಹಾರುತ್ತಿತ್ತು. ಬೇರೆ ಯಾರೇ ಆಗಿದ್ದರೂ ಚರ್ಮ ಒಣಗಿ ಹೊಟ್ಟು ಏಳುತ್ತಿದೆ ಎನ್ನುತ್ತಿದ್ದರು. ನೊರೆಯಕ್ಕನ ಕಣ್ಣು ಮಾತ್ರ ಬಟ್ಟೆ ನೋಡಿ ನೋಡಿ ಪಳಗಿದ ಕಣ್ಣು. ಕಪ್ಪು ಮೈಯ ಮೇಲಿನ ಬಿಳಿ ಪುಡಿ ಅವಳಿಗೆ ಸೋಪಿನ ಉಳಿಕೆಯಾಗಿ ಕಂಡಿತು. “ಸರಿಯಾಗಿ ಹೋಗಿಲ್ಲ” ಎಂದುಕೊಂಡು ಮತ್ತೆ ನೀರು ಸುರಿದಳು. ವಾಸನೆ ಹೋಗಲಿಲ್ಲವೆಂದು ಮತ್ತೆ ಪುಡಿ ಹಾಕಿದಳು. ಇನ್ನೊಂದ್ಸಲ, ಇನ್ನೊಂದ್ಸಲ. ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿದರೆ ಮುದುಕ ಬಾಲ ಮುದುರಿಕೊಂಡು ಮೆಟ್ಟಿಲ ಕೆಳಗೆ ನುಗ್ಗುತ್ತಿದ್ದ. ಅವಳು ಕಾಲು ಹಿಡಿದು ಎಳೆದು ತರುತ್ತಿದ್ದಳು.

“ಅತ್ತೆ, ಅವನು ಅಳ್ತಿದಾನೆ” ಎನ್ನುತ್ತಿತ್ತು ಮಗು.

“ಅಳಲಿ ಕಣೇ. ಗಲೀಜಾಗಿದ್ರೆ ನಿಮ್ಮಮ್ಮ ಆಚೆ ಹಾಕ್ತಾಳೆ. ಆಗ ನಾವೆಲ್ಲ ಅಳಬೇಕಾಗುತ್ತೆ.”

ಹುಣ್ಣುಗಳನ್ನು ಅವಳು ಯಾರಿಗೂ ತೋರಿಸಲಿಲ್ಲ. ಪಶುವೈದ್ಯರ ಹತ್ತಿರ ಹೋದರೆ “ಯಾವ ಸೋಪು ಹಾಕ್ತೀರಿ” ಎಂಬ ಪ್ರಶ್ನೆ ಬಂದೀತೆಂಬ ಅಳುಕು ಬೇರೆ. ಅಷ್ಟರಲ್ಲಿ ಮಗುವಿನ ಎದೆಯ ಸಿಳ್ಳೆ ಹೆಚ್ಚಾಗುತ್ತ ಬಂತು. ಒಂದು ರಜೆಯ ದಿನ ಬೆಳಿಗ್ಗೆ, ಆಗಷ್ಟೇ ಸ್ನಾನವಾಗಿ ಒಣಗಿದ್ದ ಮುದುಕನನ್ನು ಮಗು ತಬ್ಬಿಕೊಂಡಿತ್ತು. ಅವನು ಪಟಪಟನೆ ಮೈ ಒದರಿದ. ಸ್ವಲ್ಪ ಹೊತ್ತಿಗೆಲ್ಲ ಮಗುವಿಗೆ ಕೆಮ್ಮು ಹತ್ತಿತು, ತುಟಿ ನೀಲಿಯಾಯಿತು, ಕಣ್ಣು ಮೇಲಾಯಿತು. ತಮ್ಮ ಅವಳನ್ನು ಎತ್ತಿಕೊಂಡು ಬರಿಗಾಲಲ್ಲೇ ರಸ್ತೆಗೆ ಓಡಿದ. ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕ್ ಹಾಕಿ ಔಷಧಿ ಕೊಟ್ಟ ಮೇಲೆ ಉಸಿರು ಸರಿಹೋಯಿತು.

ಮನೆಗೆ ಬಂದ ತಮ್ಮ ಅಕ್ಕನ ಮುಖ ನೋಡದೆ ಹೇಳಿದ: “ಅಕ್ಕಾ, ನಾಯಿನ ಎಲ್ಲಾದ್ರೂ ಬಿಡಬೇಕು. ಬೇಜಾರು ಮಾಡ್ಕೋಬೇಡ.”

ನೊರೆಯಕ್ಕ ಮರುದಿನವೇ ನಾಯಿಗೊಂದು ಜಾಗ ಹುಡುಕತೊಡಗಿದಳು. ಆಸ್ಪತ್ರೆಯ ಹಿಂದಿನ ಗೇಟು ಕಾಯುವವನಿಗೆ ಪ್ರಾಣಿಗಳೆಂದರೆ ಇಷ್ಟ. ಅವನ ಪುಟ್ಟ ಕೋಣೆಯಲ್ಲಿ ಆಗಲೇ ಒಂದು ಹಳದಿ ಬೆಕ್ಕಿತ್ತು. ಅವನು ಒಪ್ಪಿದ. ಕೊಡುವ ದಿನ ಬೆಳಿಗ್ಗೆ, ಪರರ ಕೈಗೆ ಗಲೀಜು ನಾಯಿಯನ್ನು ಕೊಡಬಾರದೆಂದು, ನೊರೆಯಕ್ಕ ಮುದುಕನಿಗೆ ಕೊನೆಯದಾಗಿ ಒಮ್ಮೆ ಚೆನ್ನಾಗಿ ಸ್ನಾನ ಮಾಡಿಸಿದಳು. ಅತ್ತುಕೊಂಡೇ ತಿಕ್ಕಿದಳು. ಮುದುಕ ಒದ್ದಾಡಲಿಲ್ಲ, ನಡುಗುತ್ತ ನಿಂತಿದ್ದ.

ವಾರ ಕಳೆಯುವ ಮೊದಲೇ ಗೇಟಿನವನು ಬಟ್ಟೆಯ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಮೃದು ಮನುಷ್ಯ, ಅವತ್ತು ಮುಖ ಗಂಟಿಕ್ಕಿಕೊಂಡಿದ್ದ.

“ಅಕ್ಕಾ, ಆ ನಾಯಿಗೆ ಏನು ಹಾಕಿ ತೊಳೀತಿದ್ರಿ?”

ನೊರೆಯಕ್ಕನ ಕೈಯಲ್ಲಿದ್ದ ಬೆಡ್‌ಶೀಟು ಹಾಗೆಯೇ ನಿಂತಿತು. “ಯಾಕಪ್ಪಾ?”

“ಮೈಯೆಲ್ಲ ಹುಣ್ಣು. ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ. ಯಾರ್ರೀ ಇದನ್ನ ದಿನಾ ತೊಳೆದೋರು ಅಂತ ನನಗೇ ಬೈದ್ರು. ಚರ್ಮದಲ್ಲಿ ಎಣ್ಣೆ ಅಂಶ ಇರುತ್ತಂತೆ, ಅದೆಲ್ಲ ಹೋಗಿ ಒಡೆದು ಹೊಟ್ಟು ಏಳ್ತಿದೆಯಂತೆ. ಇಂಥ ನಾಯಿಗೆ ತಿಂಗಳಿಗೊಂದು ಸ್ನಾನ ಹೆಚ್ಚು, ಅದೂ ನಾಯಿಗಂತಲೇ ಮಾಡಿರೋ ಸೋಪಲ್ಲಿ. ಕೆಸರಲ್ಲಿ ಬಿದ್ರೆ ಬೇರೆ ಮಾತು. ಉಳಿದ ದಿನ ಬ್ರಷ್ಷಲ್ಲಿ ಬಾಚಿದ್ರೆ ಸಾಕು ಅಂದ್ರು.”

“ನಿನ್ನ ಬೆಕ್ಕಿಗೆ?” ಎಂದಳು ನೊರೆಯಕ್ಕ. ಯಾಕೆ ಕೇಳಿದಳೋ ಅವಳಿಗೇ ಗೊತ್ತಿರಲಿಲ್ಲ. ನಾಯಿಯ ಮಾತು ಇನ್ನೂ ಕೇಳುವ ಧೈರ್ಯವಿರಲಿಲ್ಲ ಅಷ್ಟೇ.

“ಅದಕ್ಕೆ ನೀರೇ ಬೇಡ. ದಿನವಿಡೀ ನೆಕ್ಕೊಂಡು ತನ್ನ ಸ್ನಾನ ತಾನೇ ಮಾಡ್ಕೊಳ್ಳುತ್ತಲ್ಲ.” ಅವನು ತುಸು ತಡೆದ. “ಅಕ್ಕಾ, ನಿಮ್ಮ ಮನೇಲಿ ಮಗುಗೆ ಉಸಿರಾಟದ ತೊಂದರೆ ಅಂದಿದ್ರಲ್ಲ, ಅದನ್ನೂ ಹೇಳ್ದೆ. ಆ ಹೊಟ್ಟು ಹಾರಿದ್ರೆ ಅಂಥ ಮಕ್ಕಳಿಗೆ ಇನ್ನೂ ಜಾಸ್ತಿ ಆಗುತ್ತೆ ಅಂದ್ರು.”

ನೊರೆಯಕ್ಕ ಬಟ್ಟೆಯ ಮೂಟೆಯ ಮೇಲೆ ಕುಳಿತಳು. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ನಾಯಿಯನ್ನು ಉಳಿಸಿಕೊಳ್ಳಲು ತೊಳೆದಿದ್ದಳು. ತೊಳೆದದ್ದರಿಂದಲೇ ನಾಯಿ ಹೋಯಿತು. ಅಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳೇನೋ. ಮಗುವಿನ ನೀಲಿ ತುಟಿ ಕಣ್ಣಿಗೆ ಕಟ್ಟಿದಂತೆ ನಿಂತಿತು. ಮೆಷಿನ್ನು ಸುತ್ತುತ್ತಲೇ ಇತ್ತು. ಅವತ್ತು ಬಂದ ಬಟ್ಟೆಯನ್ನು ಅವಳು ಕೆನ್ನೆಗೆ ಒತ್ತಿ ನೋಡಲಿಲ್ಲ.

ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು, ಕದ್ದ ಪುಡಿಯನ್ನೂ ಬಿಡದೆ. ತಮ್ಮ ತಲೆ ಕೆರೆದುಕೊಂಡು ಕುಳಿತ. ಅವನ ಹೆಂಡತಿ ರೇಗುತ್ತಾಳೆಂದು ನೊರೆಯಕ್ಕ ಕಾದಳು. ರೇಗಿದ್ದರೆ ಅವಳಿಗೂ ಸಮಾಧಾನವಾಗುತ್ತಿತ್ತು.

“ವಾಸನೆ ವಾಸನೆ ಅಂತ ಬಡ್ಕೊಂಡಿದ್ದು ನಾನೇ ಅಲ್ವಾ ಅತ್ತಿಗೆ” ಎಂದಳು ಅವಳು ಕೊನೆಗೆ.

ನಾಯಿಯನ್ನು ಮತ್ತೆ ಮನೆಗೆ ತರಬಹುದೇ ಎಂದು ಮಗುವಿನ ಡಾಕ್ಟರನ್ನು ಕೇಳಿದ್ದು ತಮ್ಮನ ಹೆಂಡತಿಯೇ. ನಾಯಿಯ ಮೈ ಪೂರ್ತಿ ವಾಸಿಯಾಗಲಿ, ಆಮೇಲೆ ಸ್ವಲ್ಪ ಸ್ವಲ್ಪವೇ ಹತ್ತಿರ ಬಿಟ್ಟು ನೋಡಿ, ಮಲಗುವ ಕೋಣೆಗೆ ಮಾತ್ರ ಬೇಡ, ಬಾಚುವುದನ್ನು ಅಂಗಳದಲ್ಲೇ ದೊಡ್ಡವರು ಮಾಡಲಿ, ಉಸಿರಿಗೆ ತೊಂದರೆಯಾದರೆ ಮುಲಾಜಿಲ್ಲದೆ ದೂರವಿಡಿ ಎಂದರು. ಶಾಲೆ ಬಿಟ್ಟ ಮೇಲೆ ತಾಯಿ ಮಗಳನ್ನು ಆಸ್ಪತ್ರೆಯ ಗೇಟಿನ ಹತ್ತಿರ ಕರೆದುಕೊಂಡು ಹೋಗತೊಡಗಿದಳು. ಮುದುಕನಿಗೆ ಹೊಸ ಕೂದಲು ಬರುತ್ತಿತ್ತು. ಮಗು ಅವನ ಕಿವಿ ಹಿಡಿದು ಆಡಿತು, ಮನೆಗೆ ಬಂದು ನೆಮ್ಮದಿಯಾಗಿ ಮಲಗಿತು. ಎದೆಯಲ್ಲಿ ಸಿಳ್ಳೆಯಿರಲಿಲ್ಲ.

ನೊರೆಯಕ್ಕ ಮಾತ್ರ ಆ ಗೇಟನ್ನು ತಪ್ಪಿಸಿ ಮುಂದಿನ ಬಾಗಿಲಿಂದ ಓಡಾಡುತ್ತಿದ್ದಳು. ವಾಪಸ್ಸು ಕರೆತರುವ ದಿನ ತಪ್ಪಿಸಿಕೊಳ್ಳಲಾಗಲಿಲ್ಲ. ಮಗುವಿನ ಜೊತೆ ಹೋದಳು. ಮುದುಕ ಬಿಸಿಲಲ್ಲಿ ಬೆಕ್ಕಿನ ಪಕ್ಕ ಮಲಗಿದ್ದ. “ಮುದುಕಾ” ಎಂದಳು. ಅವನ ಬಾಲ ಒಮ್ಮೆ ಆಡಿತು. ಅವಳು ಕೈ ಚಾಚಿದಳು. ದಿನವಿಡೀ ಸೋಪಿನಲ್ಲಿ ನೆಂದ ಕೈ. ಮುದುಕ ಅದನ್ನು ಮೂಸಿ, ಮೈ ಸಣ್ಣದು ಮಾಡಿಕೊಂಡು, ಗೇಟಿನವನ ಕುರ್ಚಿಯ ಹಿಂದೆ ಹೋಗಿ ಅವಿತುಕೊಂಡ.

“ಅಭ್ಯಾಸ ತಪ್ಪಿದೆ ಅಷ್ಟೇ ಅಕ್ಕಾ” ಎಂದ ಗೇಟಿನವನು, ಬೇರೆ ಕಡೆ ನೋಡುತ್ತ.

“ಇಲ್ಲಪ್ಪ. ಚೆನ್ನಾಗೇ ಜ್ಞಾಪಕ ಇದೆ ಅವನಿಗೆ” ಎಂದಳು ನೊರೆಯಕ್ಕ.

ಹಗ್ಗ ಹಿಡಿದದ್ದು ಮಗು. ನೊರೆಯಕ್ಕ ರಸ್ತೆಯ ಆಚೆ ಬದಿಯಲ್ಲಿ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಡೆದಳು. ಮನೆಯವರೆಗೂ ಮುದುಕ ಸರಾಗವಾಗಿ ಬಂದ. ಗೇಟು ತೆಗೆದದ್ದೇ ತಡ, ನಾಲ್ಕು ಕಾಲೂ ಊರಿ ನಿಂತುಬಿಟ್ಟ. ಮಗು ಎಳೆದರೂ ಇಲ್ಲ, ತಮ್ಮನ ಹೆಂಡತಿ ಬಿಸ್ಕತ್ತು ತೋರಿಸಿದರೂ ಇಲ್ಲ. ಅವನ ಕಣ್ಣೆಲ್ಲ ನಲ್ಲಿಯ ಕೆಳಗಿನ ನೀಲಿ ಬಕೆಟ್ಟಿನ ಮೇಲಿತ್ತು.

ನೊರೆಯಕ್ಕ ಹೋಗಿ ಬಕೆಟ್ಟನ್ನು ಎತ್ತಿದಳು. ಮುದುಕ ಹಿಂದಕ್ಕೆ ಜಗ್ಗಿದ. ಅವಳು ಅದನ್ನು ಅಂಗಳದ ನಡುವೆ ಬೋರಲು ಹಾಕಿ ಅದರ ಮೇಲೆ ಕುಳಿತುಬಿಟ್ಟಳು. ಅವಳ ಭಾರಕ್ಕೆ ಬಕೆಟ್ಟು ಕಿರ್ರೆಂದಿತು. ಮಗು ನಕ್ಕಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ನೊರೆಯಕ್ಕ ಸುಮ್ಮನೆ ಕುಳಿತೇ ಇದ್ದಳು. ಗೋಡೆಯ ಮೇಲಿನ ಬಿಸಿಲು ಇಳಿಯಿತು. ತಮ್ಮನ ಹೆಂಡತಿ ಒಳಗೆ ಹೋಗಿ ದೀಪ ಹಾಕಿದಳು.

ಮುದುಕ ಅಂಗಳದೊಳಗೆ ಬಂದ. ಗೋಡೆಯಂಚಿನಲ್ಲೇ ಒಂದು ಸುತ್ತು ಬಂದು, ಬಕೆಟ್ಟನ್ನು ಮೂಸಿ, ಅವಳ ಸೀರೆಯನ್ನು ಮೂಸಿ, ಕೊನೆಗೆ ಬೂದು ಮೂತಿಯನ್ನು ಅವಳ ಮಂಡಿಯ ಮೇಲಿಟ್ಟ. ನೊರೆಯಕ್ಕ ಕೈ ತೆಗೆಯಲಿಲ್ಲ. ಬಗ್ಗಿ, ಅವನ ಬೆನ್ನಿಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡಳು. ಬಿಸಿಲು, ಧೂಳು, ನಾಯಿ. ಸಂಜೆ ಅಂಗಡಿ ಮುಚ್ಚಿ ಬಂದ ಗಂಡ ಬಿಚ್ಚಿ ಹಾಕುತ್ತಿದ್ದ ಅಂಗಿಯಲ್ಲಿ, ರಬ್ಬರಿನ ಜೊತೆ, ಇದೇ ವಾಸನೆ ಇರುತ್ತಿತ್ತು. ಇಷ್ಟು ದಿನ ತಾನು ಪಟ್ಟು ಹಿಡಿದು ತೊಳೆದದ್ದು ಇದನ್ನೇ.

“ವಾಸನೆ ಬರ್ತಿದ್ಯಾ ಅತ್ತೆ?” ಎಂದು ಮಗು ಹೆದರಿ ಕೇಳಿತು.

“ಬರ್ತಿದೆ ಕಣೇ” ಎಂದಳು ನೊರೆಯಕ್ಕ. “ಬರಲಿ ಬಿಡು.”