ಅಜ್ಜಿಯ ಪಾಟ್ಲಿ ಮತ್ತು ಪತ್ತಾರ ಕಾಕಾ

ಪತ್ತಾರ ಕಾಕಾನ ಎಡಹುಬ್ಬು ಅರ್ಧಕ್ಕೇ ಮುಗಿದಿತ್ತು. ಉಳಿದರ್ಧವನ್ನು ಅಕ್ಕಸಾಲೆಯ ಕುಲುಮೆಯ ಕಿಡಿ ತಿಂದುಹಾಕಿತ್ತು. ಮೀಸೆಯನ್ನು ಮಾತ್ರ ಅವರು ತಾವಾಗಿಯೇ ಬೋಳಿಸಿಕೊಳ್ಳುತ್ತಿದ್ದರು. ಯಾಕೆಂದು ಕೇಳಿದರೆ, “ಬಿಟ್ರ, ಅದರಾಗೂ ಬಂಗಾರ ಅಡಗಿಸ್ಯಾನ ಅಂತೀರಿ,” ಎನ್ನುವರು. ಆ ಉತ್ತರವೇ ನನಗೆ ಅನುಮಾನ ತಂದಿತು. ಯಾರೂ ಹೊರಿಸದ ಕಳವಿಗೆ ಮೊದಲೇ ಉತ್ತರ ಸಿದ್ಧ ಮಾಡಿಟ್ಟುಕೊಂಡವನನ್ನು ನಂಬುವುದು ಹೇಗೆ?

ಅಕ್ಕನ ಮದುವೆ ಹಿರೇಕೆರೂರಿನ ಕಡೆ ಗೊತ್ತಾಗಿತ್ತು. ಅಜ್ಜಿಯ ಪಾಟ್ಲಿ ಬಳೆಗಳನ್ನು ಕರಗಿಸಿ ಅಕ್ಕನಿಗೆ ಬೋರಮಾಳ ಸರ ಮಾಡಿಸಬೇಕು. ಬೀಗರು ಅದನ್ನು ತಮ್ಮೂರ ಪತ್ತಾರನಿಗೆ ತೋರಿಸಿಯೇ ಅಕ್ಷತೆ ಹಿಡಿಯುವ ಪೈಕಿ. ನಮ್ಮಲ್ಲಿ ಬಂಗಾರ ಕೆಲಸಕ್ಕೆ ಕೊಟ್ಟರೆ ಕುಲುಮೆ ಹೊತ್ತಿದಾಗಿನಿಂದ ಆರುವ ತನಕ ಮನೆಯವರೊಬ್ಬರು ಎದುರಿಗೆ ಕೂತು ಕಾಯುವುದು ರೂಢಿ. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಸೂಟಿಗೆಂದು ಊರಿಗೆ ಬಂದಿದ್ದ ನನ್ನನ್ನು ಅವ್ವ ಕಳಿಸಿದಳು. “ಕೈ ಮ್ಯಾಲೆ ಕಣ್ಣಿಡು. ಮಾತಿಗೆ ಕುಂತಿ ಅಂದ್ರ ಹೋತು!”

ಸವಣೂರು ಪೇಟೆಯ ಆ ಓಣಿಯಲ್ಲಿ ಒಂದು ಬದಿ ತಾಮ್ರದ ಕೊಡ ಬಡಿಯುವ ಸದ್ದು, ಇನ್ನೊಂದು ಬದಿ ಖಾರ ಕರಿಯುವ ಎಣ್ಣೆಯ ಘಮಲು. ಎರಡೂ ನನ್ನ ಗಮನ ಕೆಡಿಸಲೆಂದೇ ಇವೆ ಎನಿಸಿತು.

“ಬರ್ರಿ ವಕೀಲ್ರ, ಕುಂದರ್ರಿ,” ಎಂದು ಕಾಕಾ ಚಾಪೆ ಹಾಸಿದರು. ನಾನಿನ್ನೂ ವಕೀಲನಾಗಿರಲಿಲ್ಲ.

ಅವರು ಒಂದು ಪಾಟ್ಲಿಯನ್ನು ತುಸು ಕೆರೆದು ಒರೆಗಲ್ಲಿಗೆ ತಿಕ್ಕಿದರು. ಗೆರೆ ನೋಡಿದರು. ಇನ್ನೊಂದನ್ನೂ ತಿಕ್ಕಿದರು. ಊದುಗೊಳವೆ ಕೆಳಗಿಟ್ಟರು.

“ಇದು ಚೊಕ್ಕ ಬಂಗಾರ ಅಲ್ರಿ. ಮ್ಯಾಲಷ್ಟ ಚೊಲೋ, ಒಳಗ ತಾಮ್ರ ಭಾಳ ಐತಿ.”

“ನಿಮ್ಮಪ್ಪನ ಕಡೇನ ಮಾಡಿಸಿದ್ದು ಅಂತಾಳ ನಮ್ಮವ್ವ.”

“ಹೌದ್ರಿ. ನಮ್ಮಪ್ಪಂದ ಕೆಲಸ.”

ನಾನು ಬಿಡಲಿಲ್ಲ. ಬಂಗಾರ ಕೀಳೆಂದು ಮೊದಲೇ ಹೇಳಿಬಿಟ್ಟರೆ ಆಮೇಲೆ ಎಷ್ಟು ನುಂಗಿದರೂ ನಡೆಯುತ್ತದೆ. ಕಳ್ಳನೂ ಇದೇ ಮಾತು ಆಡುತ್ತಾನೆ, ಸಾಚಾ ಮನುಷ್ಯನೂ ಇದೇ ಮಾತು ಆಡುತ್ತಾನೆ. ಅಂದಮೇಲೆ ಈ ಮಾತು ಯಾವುದಕ್ಕೂ ಸಾಕ್ಷಿಯಲ್ಲ. ಇದನ್ನು ಅವರ ಮುಖಕ್ಕೇ ಹೇಳಿದೆ.

ಕಾಕಾ ನಕ್ಕರು. “ಖರೇ ಐತಿ. ನನ್ನ ಮಾತ ನಂಬಬ್ಯಾಡ್ರಿ. ಎರಡೂ ಇದ್ಹಂಗ ಒಯ್ದು ಹಾನಗಲ್ಲ ಪತ್ತಾರಗ ತೋರಸ್ರಿ. ಅವಂಗೂ ನನಗೂ ಆಗಿಬರೂದಿಲ್ಲ. ನನ್ನ ಸಲುವಾಗಿ ಅಂವ ಸುಳ್ಳ ಹೇಳಾಂವಲ್ಲ.”

“ಅಂವ ಊರತುಂಬ ಸಾರಿದ್ರ?”

“ಸಾರ್ತಾನ. ಹಿರೇಕೆರೂರಾಗ ನಿಮ್ಮಕ್ಕನ ಮದಿವಿ ಮುರಿಯೂದಕ್ಕಿಂತ ಅದು ಚೊಲೋ.”

ಹಾನಗಲ್ಲಿನ ಪತ್ತಾರ ಪಾಟ್ಲಿ ತಿಕ್ಕಿ ನೋಡಿ, ಕಳಿಸಿದವರು ಯಾರೆಂದು ನನ್ನಿಂದ ಕೇಳಿ ತಿಳಿದು, “ಅಪ್ಪ ಕದ್ದ, ಮಗ ಒಪ್ಪಿದ! ಇಂಥಾ ಮನಿ ಎಲ್ಲೆರ ನೋಡೀರೇನು?” ಎಂದು ಅಂಗಡಿಯವರೆಲ್ಲ ಕೇಳುವಂತೆ ನಕ್ಕ. ಇವರಿಬ್ಬರೂ ಒಳಗೊಳಗೆ ಒಂದಾಗಿರಬಹುದೇ ಎಂದು ಮೋಟಾರಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಒಂದಾಗಿದ್ದರೆ ಸುದ್ದಿ ಸವಣೂರಿನ ತನಕ ಬರುತ್ತಿರಲಿಲ್ಲ. ಅದು ಬಂತು, ಮಾರನೆಯ ಬೆಳಿಗ್ಗೆಯೇ.

ಕಾಕಾನ ಅಪ್ಪ ಮಾಡಿಕೊಟ್ಟಿದ್ದ ಒಡವೆಗಳನ್ನು ಸೆರಗಿನಲ್ಲಿ, ಧೋತರದ ತುದಿಯಲ್ಲಿ ಕಟ್ಟಿಕೊಂಡು ಜನ ಅಂಗಡಿಗೆ ಮುತ್ತಿದರು. ಕಾಕಾ ಒಂದೊಂದನ್ನೂ ಎಲ್ಲರೆದುರು ಒರೆಗೆ ಹಚ್ಚಿದರು. ಬಹಳಷ್ಟು ಚೊಕ್ಕವಾಗಿಯೇ ಇದ್ದವು, ಕೆಲವು ಅಲ್ಲ.

“ಇದು ಚೊಕ್ಕ ಐತಿ, ಯವ್ವಾ.”

“ಅಪ್ಪನ ಮಾನಾ ಉಳಸಾಕ ಹಂಗಂತಿ,” ಎಂದಳು ಎಲೆತೋಟದ ಮನೆಯ ಮುದುಕಿ.

ಕೆಟ್ಟದ್ದು ಎಂದಾಗ ಮಾತ್ರ ಎಲ್ಲರೂ ತಲೆಯಾಡಿಸಿದರು. ಅದೊಂದೇ ಮಾತನ್ನು ಜನ ನಂಬಿದರು.

ಮಂದಿ ಕರಗಿದ ಮೇಲೆ ಕೇಳಿದೆ: “ಬಾಗಲಾ ಹಾಕಿ ಕುಂದ್ರಬಹುದಿತ್ತಲ್ಲ ಕಾಕಾ?”

“ಹಾಕಿದ್ರ, ನಮ್ಮಪ್ಪ ಚೊಲೋ ಮಾಡಿದ್ದೂ ಕೆಟ್ಟದ್ದಾಗತಿತ್ತಲ್ರಿ.”

ಪಾಟ್ಲಿಯ ತಾಮ್ರವನ್ನು ನನ್ನೆದುರೇ ತೆಗೆದು, ಉಳಿದದ್ದರಲ್ಲಿ ಸಣ್ಣದೊಂದು ಬೋರಮಾಳ ಮಾಡಿಕೊಟ್ಟರು. ಹಿರೇಕೆರೂರಿನ ಪತ್ತಾರ ಅದನ್ನು ತಿಕ್ಕಿ, ಚೊಕ್ಕ ಎಂದು ವಾಪಸು ಕೊಟ್ಟ. ಅಕ್ಕನ ಮದುವೆ ಆಯಿತು. ಆದರೆ ಆಮೇಲೆ ಸವಣೂರಿನ ಮದುವೆಗಳ ಬಂಗಾರ ಕಾಕಾನ ಅಂಗಡಿಗೆ ಬರಲಿಲ್ಲ. ಸಡಿಲಾದ ಮೂಗುತಿ, ತಿರುಪು ಕಳೆದ ಬೆಂಡೋಲೆ, ಇಂಥವೇ ಅವರ ಪಾಲಿಗೆ ಉಳಿದವು.

ಹೋದ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತಾಗ ಓಣಿಯ ಹಿರಿಯನೊಬ್ಬ, “ಅಪ್ಪನ ಹೆಸರ ಕೆಡಿಸಿದ ಮಗ,” ಎಂದ. ನಾನು ಎದ್ದು ನಿಂತು ಪಾಟ್ಲಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹಾನಗಲ್ಲಿಗೆ ಕಳಿಸಿದ್ದು ಯಾರು, ಯಾಕೆ ಎಂದು ಒಬ್ಬೊಬ್ಬರನ್ನೂ ಕೇಳಿದೆ.

ಹಿರಿಯ ಎಲೆಗೆ ಸುಣ್ಣ ಹಚ್ಚುತ್ತ ಅಂದ: “ನೀ ಕಲತಾಂವಪಾ. ಯಾ ಕಡೆ ಬೇಕಾದ್ರೂ ನಿಂತು ಮಾತಾಡ್ತಿ.”

ಸುಳ್ಳೇನಲ್ಲ. ಯಾವ ಪಕ್ಷ ಕೊಟ್ಟರೂ ಹಿಡಿದು ಗೆದ್ದು ಬಂದವನು ನಾನು. ಆವತ್ತು ಮಾತ್ರ ನನ್ನ ಬಳಿ ಇದ್ದದ್ದು ಒಂದೇ ಪಕ್ಷ. ಸೋತೆ.