ಮೂರನೆಯ ಚೀಜು

ಅಂಚೆ ಚೀಟಿ ಹುಡುಕುತ್ತ ಮೇಜಿನ ಖಾನೆ ಕೆದಕುತ್ತಿದ್ದಾಗ ಬೆರಳಿಗೆ ತಣ್ಣಗೆ ಒಂದು ಹಿತ್ತಾಳೆಯ ಚೂರು ತಾಗಿತು. ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಗಾಳಿಗೆ ನಡುಗಿ ನಾದ ಕೊಡುವ ಪತ್ತಿ. ತುದಿ ಮುರಿದಿದೆ, ಇನ್ನು ಯಾವ ಗಾಳಿಗೂ ಅದು ನಡುಗುವುದಿಲ್ಲ. ನಾನಾದರೋ ಎಲ್ಲ ಗಾಳಿಗೂ ನಡುಗುವವನು. ಬೆಳಗಿನಿಂದ ಭಾಲ್ಕಿಯ ಗೆಳೆಯನಿಗೆ ಮೂರನೆಯ ಪತ್ರ ಬರೆಯುತ್ತ ಕೂತಿದ್ದೆ. ಮೊದಲಿನೆರಡಕ್ಕೆ ಉತ್ತರವಿಲ್ಲ. ಯಾಕಿಲ್ಲ ಎಂಬುದಕ್ಕೆ ನನ್ನ ಬಳಿ ಐದು ಕಾರಣಗಳು ಸಿದ್ಧವಿದ್ದವು. ಅವನ ಮಗಳ ಮದುವೆಯಲ್ಲಿ ಜಿಲೇಬಿ ತುಸು ಹುಳಿ ಎಂದಿದ್ದೆ. ಅದು ಐದರಲ್ಲಿ ಅತ್ಯಂತ ಹಗುರವಾದದ್ದು.

ಕಾಣದ ಕೊಂಡಿ ಹುಡುಕುವ ಈ ಚಟ ಅಂಟಿದ್ದು ಔರಾದದಲ್ಲಿ, ನಮ್ಮ ಶರಣಪ್ಪ ಕಾಕಾನ ಪಡಸಾಲೆಯಲ್ಲಿ. ಆಗಿನ್ನೂ ಹೈದರಾಬಾದ ಸಂಸ್ಥಾನ. ನಾನು ಅದೇ ಊರಲ್ಲಿ ಹೊಸ ಮಾಸ್ತರ. ಓದಿದ್ದು ಉರ್ದು, ಕಲಿಸುತ್ತಿದ್ದದ್ದೂ ಉರ್ದು. ಕಾಕಾನಿಗೆ ಉರ್ದುವಿನ ಒಂದಕ್ಷರ ಬಾರದು, ಆದರೆ ಹಿಂದೂಸ್ತಾನಿ ಚೀಜುಗಳು ನೂರಾರು ಬಾಯಲ್ಲಿದ್ದವು. ರಾಗದಲ್ಲಿ ಕಟ್ಟಿದ ಪುಟ್ಟ ಹಾಡಿಗೆ ಚೀಜು ಎನ್ನುತ್ತಿದ್ದರು. ಅವನ್ನು ಕಲಿಸಿದವರು ಬೀದರದಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿ ಇಟ್ಟಿದ್ದ ಖಾಸಿಂ ಸಾಹೇಬರು. ಗುರು ಎನ್ನಲು ಕಾಕಾ ಒಪ್ಪುತ್ತಿರಲಿಲ್ಲ. ಇಬ್ಬರೂ ಒಂದೇ ವಯಸ್ಸಿನವರು, ಒಬ್ಬರನ್ನೊಬ್ಬರು ‘ಶರಣ್ಯಾ’, ‘ಖಾಸ್ಯಾ’ ಎನ್ನುವವರು.

ಸಾಹೇಬರು ತಿಂಗಳಿಗೊಮ್ಮೆ ಬರುವರು. ಊಟವಾದ ಮೇಲೆ ಆಟ. ಒಬ್ಬರು ಎರಡು ಚೀಜು ಹಾಡಬೇಕು, ಬೇರೆ ಬೇರೆ ವಾಗ್ಗೇಯಕಾರರದು. ಒಬ್ಬ ಉತ್ತರದ ಯಾವುದೋ ಆಸ್ಥಾನದವನು, ಇನ್ನೊಬ್ಬ ನೂರು ವರ್ಷ ಆಮೇಲಿನವನು. ಮೇಲುನೋಟಕ್ಕೆ ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಒಳಗೆಲ್ಲೋ ಒಂದು ಗಂಟು ಇರುತ್ತದೆ. ಅದನ್ನು ಕಂಡವರು ಬಾಯಿ ಬಿಟ್ಟು ಹೇಳುವಂತಿಲ್ಲ. ಅದೇ ಗಂಟಿರುವ ಮೂರನೆಯ ಚೀಜನ್ನು ಹಾಡಬೇಕು, ಅದೇ ಉತ್ತರ. ಒಮ್ಮೆ ಸಾಹೇಬರು ಹಾಡಿದ ಎರಡರಲ್ಲೂ ಬಾಗಿಲು ಎಂಬ ಮಾತು ಬಂದಲ್ಲಿ ಸ್ವರ ಒಂದು ಗಳಿಗೆ ನಿಲ್ಲುತ್ತಿತ್ತು, ಅಗಳಿಯ ಮೇಲೆ ಕೈಯಿಟ್ಟವರ ಹಾಗೆ. ಕಾಕಾ ಕಣ್ಣು ಮುಚ್ಚಿ, ಹೊಸ್ತಿಲಿನ ಮೇಲೆ ಹಾಗೆಯೇ ನಿಲ್ಲುವ ಇನ್ನೊಂದನ್ನು ಎತ್ತಿದ. ಸಾಹೇಬರು ತಮ್ಮ ಪಾಲಿನ ಚಹಾವನ್ನು ಅವನ ಬಶಿಗೆ ಸುರಿದರು.

ನನಗೆ ಹಾಡು ಬಾರದು. ಆದ್ದರಿಂದ ನಿಯಮ ಮುರಿದು ಮಾತಿನಲ್ಲೇ ಹೇಳಿಬಿಡುತ್ತಿದ್ದೆ: “ಈ ಚೀಜು ಕಟ್ಟೂ ಮುಂದ ಕಟ್ಟಿದವರಿಬ್ಬರಿಗೂ ಕ್ಷಯ ಇತ್ತೇನ್ರಿ?”

“ಮಾಸ್ತರ,” ಸಾಹೇಬರು ಕಿವಿ ಕೆರೆದುಕೊಳ್ಳುತ್ತಿದ್ದರು, “ಹಾಡು ಕೇಳ್ರಿ. ಹಕೀಮರಂಗ ಕೈ ಹಿಡದು ನಬ್ಜ್ ನೋಡಬ್ಯಾಡ್ರಿ.”

ಪೊಲೀಸ್ ಆ್ಯಕ್ಷನ್ನಿನ ವರ್ಷದ ಬೇಸಗೆಯಲ್ಲಿ ಕಾಕಾನ ಹಾರ್ಮೋನಿಯಂನ ಪತ್ತಿಯೊಂದು ಮುರಿದು ಗಾಂಧಾರದ ಮನೆ, ‘ಗ’ ನುಡಿಯುವ ಕೀಲಿ, ಮೂಕವಾಯಿತು. ಸಾಹೇಬರು ಪೆಟ್ಟಿಗೆಯನ್ನು ರಿಪೇರಿಗೆಂದು ಬೀದರಕ್ಕೆ ಒಯ್ದರು. ಆಮೇಲೆ ದಾರಿಗಳು ಕೆಟ್ಟವು. ಮೊದಲು ನಮ್ಮವರು ಹೆದರಿ ಊರು ಬಿಟ್ಟು ಗಡಿ ದಾಟಿದರು; ಭಾರತದ ಪಲ್ಟಣ ಬಂದ ಮೇಲೆ ಸಾಹೇಬರ ಕಡೆಯವರು ಹೆದರಿ ಊರು ಬಿಟ್ಟರು. ಆ ದಿನಗಳಲ್ಲಿ ಯಾರು ಎಲ್ಲಿದ್ದಾರೆಂದು ಕೇಳುವುದಕ್ಕೂ ಜನ ಅತ್ತಿತ್ತ ನೋಡುತ್ತಿದ್ದರು.

ಅಂಥದರಲ್ಲಿ ಒಂದು ದಿನ, ಕಮಲನಗರದ ಕಡೆ ಹೊರಟಿದ್ದ ಬಂಡಿಯೊಂದು ಮನೆಯೆದುರು ನಿಂತು, ಕೌದಿಯಲ್ಲಿ ಸುತ್ತಿದ ಹಾರ್ಮೋನಿಯಂ ಇಳಿಸಿ ಹೋಯಿತು. ಸಾಹೇಬರಿಲ್ಲ. ಕೌದಿಯ ಮಡಿಕೆಯಲ್ಲಿ ಉರ್ದುವಿನ ಒಂದು ಚೀಟಿ. ಕಾಕಾ ಅದನ್ನು ನನ್ನ ಕೈಗಿತ್ತ. ಎರಡು ಚೀಜುಗಳ ಮೊದಲ ಸಾಲುಗಳಿದ್ದವು: ಒಂದು ಸಾರಂಗ, ಒಂದು ದುರ್ಗಾ. ಬೇರೇನೂ ಇಲ್ಲ.

ಕಾಕಾ ಗುನುಗತೊಡಗಿದ. ಅವನನ್ನು ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಆದರೆ ಜೀವನದಲ್ಲಿ ಮೊದಲ ಬಾರಿ ನನಗೆ ಗಂಟು ಕಂಡಿತ್ತು. ಸಾಹೇಬರೇ ಹಿಂದೊಮ್ಮೆ ಹೇಳಿದ್ದರು, ಈ ಎರಡನ್ನೂ ಕಟ್ಟಿದವರು ಹುಟ್ಟೂರು ಬಿಟ್ಟು ದೂರ ದೇಶದಲ್ಲಿ ತೀರಿಕೊಂಡರೆಂದು. ನಾನು ಹೇಳಿಯೇಬಿಟ್ಟೆ: “ಕಾಕಾ, ಅವರು ದೇಶ ಬಿಟ್ಟು ಹೊಂಟಾರ. ಅದಕ್ಕ ಪೆಟ್ಟಿಗಿ ವಾಪಸ್ ಕಳಿಸ್ಯಾರ.”

ಕಾಕಾನ ಗುನುಗು ನಿಂತಿತು. ಕಿವಿಗೆ ಒಮ್ಮೆ ಮಾತು ಬಿತ್ತೆಂದರೆ ಸ್ವರ ಕೇಳಿಸುವುದಿಲ್ಲ. ಬೀದರದಿಂದ ಬಂದವರೊಬ್ಬರು ಅಂಗಡಿಗೆ ಬೀಗ ಬಿದ್ದಿದೆ ಎಂದರು. ನನ್ನ ಅರ್ಥ ಗಟ್ಟಿಯಾಯಿತು. ಕಾಕಾ ಕೌದಿ ಬಿಚ್ಚದೆ ಪೆಟ್ಟಿಗೆಯನ್ನು ಮೂಲೆಗಿಟ್ಟ. ಹಾಡುವುದನ್ನೂ ಬಿಟ್ಟ. “ಮನಷ್ಯಾ ಸತ್ತಾಂಗ ಯಾಕ ಹೊಚ್ಚಿ ಇಟ್ಟೀರಿ ಅದನ್ನ?” ಎಂದು ಕಾಕಿ ಎಷ್ಟೋ ಸಲ ಕೇಳಿದಳು.

ಹೀಗೆ ಹತ್ತು ತಿಂಗಳು. ಒಂದು ಮುಂಜಾನೆ ಕಾಕಿ ಕೌದಿಯನ್ನು ಬಿಸಿಲಿಗೆ ಹಾಕಲು ಎಳೆದುಕೊಂಡು, ಒಳಗೆ ಇಲಿ ಸೇರಿವೆಯೇನೋ ಎಂದು ಪೆಟ್ಟಿಗೆಯ ತಿದಿ ಒತ್ತಿ ಮನೆಗಳ ಮೇಲೆ ಸಾಲಾಗಿ ಬೆರಳಾಡಿಸಿದಳು. ಅಂಗಳದಲ್ಲಿ ರುಮಾಲು ಸುತ್ತುತ್ತಿದ್ದ ಕಾಕಾನ ಕೈ ಅಲ್ಲೇ ನಿಂತಿತು.

“ಇನ್ನೊಮ್ಮಿ ಒತ್ತು.”

“ಇದೊಂದು ಹಲ್ಲು ಮಾತಾಡವಲ್ದು ನೋಡ್ರಿ,” ಎಂದಳು ಕಾಕಿ.

ಸಾ, ರಿ, ಆಮೇಲೆ ಬರೀ ಗಾಳಿ, ಆಮೇಲೆ ಮ. ಸಾರಂಗದಲ್ಲಿ ಗಾಂಧಾರವಿಲ್ಲ. ದುರ್ಗಾದಲ್ಲಿಯೂ ಇಲ್ಲ. ಗಂಟು ಅಷ್ಟೇ. ಹೊಸ ಪತ್ತಿ ಸಿಕ್ಕಿಲ್ಲ, ಅಲ್ಲಿಯವರೆಗೆ ಇಂಥವನ್ನು ನುಡಿಸುತ್ತಿರು ಎಂದು ಆ ಮನುಷ್ಯ ಬರೆದಿದ್ದರು. ನಾನು ಅದಕ್ಕೆ ಚರಮಗೀತೆ ಹಾಡಿದ್ದೆ. ಕಾಕಾ ನನ್ನನ್ನು ನೋಡಿದ, ಬೈದಿದ್ದರೆ ಚೆನ್ನಾಗಿತ್ತು.

ಮರುದಿನವೇ ಇಬ್ಬರೂ ಬೀದರಕ್ಕೆ ಹೋದೆವು. ಅಂಗಡಿಯ ಪಕ್ಕದವರು ನೌಬಾದದ ದಾರಿ ತೋರಿದರು: “ತಂಗಿ ಮನ್ಯಾಗ ಇದ್ದಾರ.” ಸಾಹೇಬರು ಪಡಸಾಲೆಯಲ್ಲಿ ಕೂತು ಒಂದು ತಿದಿಗೆ ಚರ್ಮ ಅಂಟಿಸುತ್ತಿದ್ದರು. ತಲೆ ಎತ್ತಿದರು.

“ಬರ್ರಿ ಶರಣಪ್ಪಾರ. ಕುಂದರ್ರಿ. ನೀರು ತಗೋರಿ.”

‘ಶರಣ್ಯಾ’ ಇಲ್ಲ, ಮರ್ಯಾದೆಯ ಎಲ್ಲ ‘ರಿ’ಗಳೂ ಅಚ್ಚುಕಟ್ಟಾಗಿದ್ದವು. ನಾನೇನಾದರೂ ಹೇಳಬೇಕೆನ್ನುವಷ್ಟರಲ್ಲಿ ಕಾಕಾ ನನ್ನ ತೊಡೆ ಒತ್ತಿ ಹಿಡಿದು, ಹತ್ತು ತಿಂಗಳು ಹಾಡದ ಒರಟು ದನಿಯಲ್ಲಿ ಮೇಘ ರಾಗದ ಚೀಜೊಂದನ್ನು ಎತ್ತಿದ. ಅದರಲ್ಲಿಯೂ ಗಾಂಧಾರವಿಲ್ಲ. ಸಾಹೇಬರು ಚರ್ಮ ಅಂಟಿಸುತ್ತಲೇ ಇದ್ದರು. ಚೀಜು ಮುಗಿದ ಮೇಲೆ ಬೆರಳಿನ ಅಂಟು ಒರೆಸಿಕೊಂಡರು.

“ಇಷ್ಟು ದಿನ ಬೇಕಾತೇನೋ ಶರಣ್ಯಾ, ಇಷ್ಟಕ್ಕ?” ದನಿ ಸಣ್ಣಗಿತ್ತು. “ಆಗ ಮಾತಿನಾಗ ಬರದ ಚೀಟಿ ನಾಕ ಮಂದಿ ಬಿಚ್ಚಿ ಓದಿ ಮುಂದ ಬಿಡ್ತಿದ್ರು. ಅದಕ್ಕ ಹಂಗ ಬರದೆ. ಜವಾಬು ಬರ್ತದ, ಬರ್ತದ ಅಂತ ಕುಂತೆ. ಬರಲಿಲ್ಲ. ನೀನೂ ಎಲ್ಲಾರಂಗ ಆದಿ ಅಂತ ತಿಳ್ಕೊಂಡೆ.”

ಕಾಕಾ ನನ್ನತ್ತ ಕೈ ತೋರಿದ. “ಅರ್ಥ ಬಿಡಿಸಿದಂವ ಇಂವ. ಕಟ್ಟಿದವರಿಬ್ರೂ ಪರದೇಶದಾಗ ಸತ್ತಾರ, ನೀನೂ ದೇಶ ಬಿಟ್ಟು ಹೊಂಟಿ ಅಂದ.”

“ಮಾಸ್ತರ,” ಎಂದರು ಸಾಹೇಬರು, “ಸಾಯೋದು ಬಿಟ್ಟು ನಿಮಗ ಬ್ಯಾರೆ ಏನೂ ಕಾಣಂಗಿಲ್ಲೇನ್ರಿ?”

ಮುಂದಿನ ವಾರ ಸಾಹೇಬರು ಪುಣೆಯಿಂದ ತರಿಸಿದ ಹೊಸ ಪತ್ತಿ ಹಿಡಿದು ಔರಾದಕ್ಕೆ ಬಂದರು. ಅದು ಬಂದು ಆರು ತಿಂಗಳಾಗಿತ್ತಂತೆ. ಗಾಂಧಾರ ನುಡಿಯಿತು. ಮುರಿದ ಹಳೆಯ ಪತ್ತಿಯನ್ನು ನನ್ನ ಅಂಗೈಗೆ ಹಾಕಿದರು. “ಇಟ್ಗೋರಿ. ಇನ್ನೊಮ್ಮಿ ಏನಾರ ಹೊಳದ್ರ, ಮೊದಲ ಇದನ್ನ ನೋಡ್ರಿ.”

ಈಗ ಅವರಿಬ್ಬರೂ ಇಲ್ಲ. ಆ ಆರು ತಿಂಗಳು ಹೊಸ ಪತ್ತಿಯನ್ನು ಜೇಬಿನಲ್ಲಿಟ್ಟುಕೊಂಡು ಸಾಹೇಬರು ಯಾವ ಚೀಜು ಗುನುಗುತ್ತಿದ್ದರೋ, ಕೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.

“ಸ್ಟಾಂಪು ಸಿಕ್ತಿಲ್ರಿ?” ನಮ್ಮಾಕೆ ಒಳಗಿನಿಂದ ಕೇಳಿದಳು.

“ಸಿಕ್ತು. ಈಗ ಬ್ಯಾಡ. ಭಾಲ್ಕಿ ಬಸ್ಸು ಎಷ್ಟಕ್ಕ ಅದ?”

ಅವಳು ಬಾಗಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹೋಗ್ರಿ. ಆದ್ರ ಜಿಲೇಬಿ ಮಾತು ತಗೀಬ್ಯಾಡ್ರಿ.”

ಮೂರನೆಯ ಪತ್ರವನ್ನು ಹರಿದು, ಪತ್ತಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಚಪ್ಪಲಿ ಮೆಟ್ಟುವಷ್ಟರಲ್ಲಿ ಆರನೆಯ ಕಾರಣವೊಂದು ಹೊಳೆಯಿತು. ಇರಲಿ, ಅದನ್ನು ಅವನ ಬಾಗಿಲಲ್ಲಿ ನಿಂತೇ ಕೇಳುತ್ತೇನೆ.